ಕಂಡದ್ದು ಮನೆ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ದ್ವಿತೀಯ ಪಿಯುಸಿ ಮುಗಿದಿದೆ, ನಿನ್ನ ಮಾವ ಉಡುಪಿಯ ಏಜೆನ್ಸಿಯೊಂದರಲ್ಲಿ ವಿಚಾರಿಸಿ ಬಂದಿದ್ದಾರೆ, ನರ್ಸಿಂಗ್ ಹಿಡಿದರೆ ಜರ್ಮನಿಗೆ ಬೇಗ ಹೋಗಬಹುದು ಎನ್ನುತ್ತಾರೆ, ಅಲ್ಲಿಯ ಬದುಕು ಹೇಗಿದೆ ಅಕ್ಕ, ಬರಲೇ? ಇಷ್ಟು ನಿನ್ನ ಪ್ರಶ್ನೆ. ನಡುವೆ ಎರಡು ಮಾತು ಬರೆದು ಅವಸರದಲ್ಲಿ ದಾಟಿಹೋಗಿದ್ದೀಯ. ನಿನಗೆ ಇಷ್ಟವಾದದ್ದು ಲೆಕ್ಕವಂತೆ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರಂತೆ. ನನ್ನ ಮನಸ್ಸು ನಿಂತದ್ದು ಅಲ್ಲಿ.

ಮಾವ ಹೇಳಿದ್ದು ಸುಳ್ಳಲ್ಲ. ಇಲ್ಲಿ ನರ್ಸ್‌ಗಳ ಕೊರತೆ ನಿಜ. ಪಿಯುಸಿ ಆದ ಮೇಲೆ ಭಾಷೆ ಕಲಿತು ನೇರವಾಗಿ ಇಲ್ಲಿಯೇ 3 ವರ್ಷದ ತರಬೇತಿ ಸೇರಬಹುದು. ಅದಕ್ಕೆ ಔಸ್‌ಬಿಲ್ಡುಂಗ್ ಎನ್ನುತ್ತಾರೆ, ಕಲಿಯುವಾಗಲೇ ತಿಂಗಳ ಸಂಬಳ ಬರುತ್ತದೆ. ಊರಿನಲ್ಲಿ 4 ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿಯೂ ಬರಬಹುದು. ಆಗ ಜರ್ಮನ್ ಭಾಷೆಯ ಬಿ2 ಹಂತ ದಾಟಬೇಕು. ಇಲ್ಲಿಯ ಅಧಿಕಾರಿಗಳು ನಿನ್ನ ಓದನ್ನು ತಮ್ಮ ಓದಿನೊಂದಿಗೆ ತೂಗಿ ನೋಡಿ, ಕೊರತೆ ಕಂಡರೆ ಪರೀಕ್ಷೆಯನ್ನೋ ಹೆಚ್ಚುವರಿ ತರಬೇತಿಯನ್ನೋ ಹೇಳುತ್ತಾರೆ. ಅದು ಮುಗಿಯುವ ತನಕ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಏಜೆನ್ಸಿಯವರು ಲಕ್ಷಗಟ್ಟಲೆ ಕೇಳಿದರೆ ಎದ್ದು ಬಂದುಬಿಡಿ. ಪಕ್ಕದ ಕೇರಳದ ನರ್ಸ್‌ಗಳು ಅವರ ಸರ್ಕಾರದ ನೋರ್ಕಾ ಸಂಸ್ಥೆಯ ಮೂಲಕ, ಟ್ರಿಪಲ್ ವಿನ್ ಯೋಜನೆಯಲ್ಲಿ, ಏಜೆನ್ಸಿಗೆ ಬಿಡಿಗಾಸು ಕೊಡದೆ ಇಲ್ಲಿಗೆ ಬರುತ್ತಿದ್ದಾರೆ.

ಬದುಕಿನ ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಸಂಬಳದಲ್ಲಿ ಸುಮಾರು ಮೂರನೆಯ ಒಂದು ಭಾಗ ತೆರಿಗೆ, ವಿಮೆ, ಪಿಂಚಣಿಗೆ ಹೋಗುತ್ತದೆ. ಬಾಡಿಗೆ ದುಬಾರಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯಾಸ್ತ. ರಜೆ, ಆರೋಗ್ಯ, ಸುರಕ್ಷತೆ ಇವೆಲ್ಲ ಚೆನ್ನಾಗಿವೆ. ಕುಚ್ಚಲಕ್ಕಿ ಗಂಜಿಯ ನೆನಪು ಹೋಗುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಕಾರಣ ಒಂದು ಮನೆ. ನಮ್ಮಿಂದ ಎರಡು ಗದ್ದೆ ಆಚೆ ಇದ್ದ ಹಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದರು. ಆ ಮನೆಯ ಹಿರಿಯ ಮಗಳು ಕುವೈತ್‌ನಲ್ಲಿ ನರ್ಸ್. ಗೃಹಪ್ರವೇಶದ ಊಟ ಮುಗಿಸಿ ಬಂದ ರಾತ್ರಿ ಅಮ್ಮ ನಮ್ಮ ಸೋರುವ ಮಾಡನ್ನು ನೋಡುತ್ತಾ, “ನೀನೂ ನರ್ಸ್ ಆಗು ಮಗಳೇ” ಎಂದರು. ನಾನು ಹೂಂ ಎಂದೆ. ಒಂದು ಜೀವಮಾನದ ಕೆಲಸ ಹಾಗೆ ತೀರ್ಮಾನವಾಯಿತು. ಆ ಅಕ್ಕ 1990ರ ಆಗಸ್ಟ್‌ನಲ್ಲಿ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದಾಗ ಮರುಭೂಮಿ ದಾಟಿ, ಜೋರ್ಡಾನ್‌ನ ಅಮ್ಮಾನ್‌ನಿಂದ ವಿಮಾನ ಹತ್ತಿ, ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದವರು. ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋದವರು. ಯಾಕೆ ಮರಳಿ ಹೋದಿರಿ, ಅಲ್ಲಿ ಯಾವ ವಾರ್ಡಿನಲ್ಲಿ ಯಾರನ್ನು ನೋಡಿಕೊಂಡಿರಿ ಎಂದು ನಮ್ಮಲ್ಲಿ ಯಾರೂ ಒಂದು ದಿನವೂ ಕೇಳಲಿಲ್ಲ. ನಮಗೆ ಕಂಡದ್ದು ಮನೆ.

ಮಂಗಳೂರಿನಲ್ಲಿ ನನ್ನ ಜೊತೆ ಓದಿದವರ ಕಾರಣಗಳೂ ಇಂಥವೇ. ಒಬ್ಬಳಿಗೆ ಎಂಬಿಬಿಎಸ್ ಸೀಟು ಸಿಕ್ಕಿರಲಿಲ್ಲ. ಒಬ್ಬಳು ಗೆಳತಿ ಸೇರಿದ್ದಾಳೆಂದು ಸೇರಿದಳು. ವಿದೇಶದಲ್ಲಿ ಕೆಲಸವಿದ್ದರೆ ಸಂಬಂಧ ಬೇಗ ಕುದುರುತ್ತದೆ ಎಂದು ತಂದೆಯೇ ತಂದು ಸೇರಿಸಿದವಳೂ ಇದ್ದಳು. ನಮಗಿಂತ ಹಿಂದಿನ ತಲೆಮಾರಿನಲ್ಲಿ ನರ್ಸಿಂಗ್‌ನ ಜಾಗದಲ್ಲಿ ಬ್ಯಾಂಕ್ ಇತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಹೀಗೆ ಐದು ಬ್ಯಾಂಕ್‌ಗಳು ಹುಟ್ಟಿದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಬ್ಯಾಂಕ್ ಸೇರಿದರೆ ಜೀವನ ಭದ್ರ ಎಂದು, ಅಂಕಿ ಕಂಡರೆ ಆಗದವರೂ ಸೇರಿದರು. 2019 ಮತ್ತು 2020ರ ವಿಲೀನಗಳಲ್ಲಿ ಆ ಐದರಲ್ಲಿ ಮೂರು ಹೆಸರುಗಳು ಅಳಿಸಿಹೋದವು. ನನ್ನ ದೊಡ್ಡಪ್ಪ ಮೂವತ್ತು ವರ್ಷ ಕೌಂಟರಿನಲ್ಲಿ ಕುಳಿತರು. ನಿವೃತ್ತಿಯ ಮರುದಿನದಿಂದ ಅವರು ಬ್ಯಾಂಕಿನ ಹೆಸರನ್ನೇ ಎತ್ತಲಿಲ್ಲ, ಅದು ನನಗೆ ಇಂದಿಗೂ ನೋವಿನ ವಿಷಯ.

ದುಡ್ಡಿಗಾಗಿ ಕೆಲಸ ಹಿಡಿಯುವುದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಮಾಡು ಸೋರುತ್ತಿತ್ತು, ನಾನು ದುಡಿದು ಸರಿ ಮಾಡಿಸಿದೆ, ಅದರ ಹೆಮ್ಮೆ ನನಗಿದೆ. ಆದರೆ ವೀಸಾಕ್ಕಾಗಿ ಕೆಲಸ ಹಿಡಿಯುವುದು ಬೇರೆ ಮಾತು. ಆ ಕಾರಣ ವಿಮಾನ ಇಳಿದ ದಿನವೇ ತೀರಿಹೋಗುತ್ತದೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ವಾರ್ಡಿಗೆ ಹೋಗಲು ಬೇರೊಂದು ಬೇಕು.

ಆ ಆರು ಗಂಟೆಯನ್ನು ನಿನಗೆ ಯಾರೂ ತೋರಿಸಿರುವುದಿಲ್ಲ. ನಮ್ಮಲ್ಲಿ ನರ್ಸ್ ಎಂದರೆ ಇಂಜೆಕ್ಷನ್, ಡ್ರಿಪ್, ಔಷಧಿ, ಕೇಸ್ ಶೀಟ್. ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ರೋಗಿಯ ಕಡೆಯವರ ಕೆಲಸ, ಇಲ್ಲವಾದರೆ ಆಯಾಗಳ ಕೆಲಸ. ಇಲ್ಲಿ ಹಾಸಿಗೆಯ ಪಕ್ಕದಲ್ಲಿ ಮನೆಯವರು ಉಳಿಯುವುದಿಲ್ಲ. ಅಪರಿಚಿತ ಮುದುಕನ ಮೈ ತೊಳೆಯುವುದು, ಹಲ್ಲಿನ ಸೆಟ್ಟು ತೊಳೆದು ಬಾಯಿಗೆ ಹಾಕುವುದು, ಡೈಪರ್ ಬದಲಿಸುವುದು, ಚಮಚದಲ್ಲಿ ತಿನ್ನಿಸುವುದು ಎಲ್ಲವೂ ನರ್ಸ್‌ನ ಕೆಲಸವೇ. ರಕ್ತನಾಳಕ್ಕೆ ಸೂಜಿ ಹಾಕುವುದು ಬಹುಮಟ್ಟಿಗೆ ವೈದ್ಯರ ಹೊಣೆ. ಊರಿನಲ್ಲಿ ಐಸಿಯು ನೋಡಿಕೊಂಡಿದ್ದವರು ಮೊದಲ ವಾರ ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತದ್ದನ್ನು ನಾನು ಕಂಡಿದ್ದೇನೆ. ನನ್ನೊಂದಿಗೆ ಬಂದ ಕಾರ್ಕಳ ಕಡೆಯ ಹುಡುಗಿ ಒಂದೂವರೆ ವರ್ಷದಲ್ಲಿ ಬಿಟ್ಟು ಹೋದಳು. ಸೋಮಾರಿಯಲ್ಲ, ಬುದ್ಧಿವಂತೆ. ಆ ಕೆಲಸವನ್ನು ಅವಳು ಯಾವತ್ತೂ ಬಯಸಿರಲಿಲ್ಲ, ಅಷ್ಟೇ. ಮನೆಯವರು ಅವಳನ್ನು ಸೋತವಳಂತೆ ನೋಡಿದರು. ಅದು ಅನ್ಯಾಯ.

ನಾನು ಉಳಿದೆ. ನಾನಿರುವುದು ಟ್ಯೂಬಿಂಗನ್‌ನಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದ ಊರು ಇದು. ಇಲ್ಲಿಯ ಹಿರಿಯರು ಆಡುವುದು ಶ್ವೇಬಿಶ್, ಈ ಕಡೆಯ ಜರ್ಮನ್ ಆಡುನುಡಿ. ಪುಸ್ತಕದ ಕನ್ನಡ ಕಲಿತು ಬಂದವರ ಮುಂದೆ ಕುಂದಾಪುರದ ಅಜ್ಜಿ ಮಾತಾಡಿದಂತೆ, ನನ್ನ ಬಿ2 ಅಲ್ಲಿ ಏನೂ ಸಾಲಲಿಲ್ಲ. ಎರಡನೆಯ ಚಳಿಗಾಲದಲ್ಲಿ ನಮ್ಮ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿ ಮಾತೇ ನಿಲ್ಲಿಸಿದ್ದರು. ದಿನವೂ ಬೆಳಿಗ್ಗೆ ತಲೆ ಬಾಚುವಾಗ ನಾನು ಅರಿವಿಲ್ಲದೆ ತುಳುವಿನಲ್ಲಿ ಏನೋ ಹೇಳುತ್ತಿದ್ದೆ. ಒಂದು ದಿನ ರಜೆ ಹಾಕಿದ್ದೆ. ಮರುದಿನ ಹೋದಾಗ ಅವರು ನನ್ನನ್ನು ಕಂಡು ಬಾಚಣಿಗೆಯನ್ನು ತಾವೇ ಎತ್ತಿ ಕೊಟ್ಟರು. ಆ ಬೆಳಿಗ್ಗೆ, ಓದು ಮುಗಿದು ಎಷ್ಟೋ ವರ್ಷಗಳಾದ ಮೇಲೆ, ನಾನು ನರ್ಸ್ ಆದೆ ಅನ್ನಿಸಿತು. ಅಮ್ಮ ಹೇಳಿದ ಕಾರಣಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಎಲ್ಲರಿಗೂ ಹೀಗೆ ದಾರಿ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ, ಕಾರ್ಕಳದ ಆ ಹುಡುಗಿಗೆ ಸಿಗಲಿಲ್ಲ.

ಆದ್ದರಿಂದ ಏಜೆನ್ಸಿಗೆ ಹೋಗುವ ಮೊದಲು ಒಂದು ಕೆಲಸ ಮಾಡು. ಹದಿನೈದು ದಿನ ಅಮ್ಮನಿಗೆ ಬಿಡುವು ಕೊಡು. ಅಜ್ಜಿಯ ಮೈ ಒರೆಸುವುದು, ಬಟ್ಟೆ ಬದಲಿಸುವುದು, ರಾತ್ರಿ ಎರಡಕ್ಕೆ ಕರೆದರೆ ಏಳುವುದು ಎಲ್ಲ ನೀನೇ ಮಾಡು. ಅಸಹ್ಯವಾದರೆ ನಾಚಿಕೆ ಬೇಡ, ಮೊದಲು ಎಲ್ಲರಿಗೂ ಆಗುತ್ತದೆ. ಹದಿನೈದನೆಯ ದಿನಕ್ಕೂ ಹಾಗೆಯೇ ಇದೆಯೇ ಎಂಬುದನ್ನು ಗಮನಿಸು. ಹಾಗೆಯೇ ಒಂದು ಮಧ್ಯಾಹ್ನ ಲೆಕ್ಕದ ಪುಸ್ತಕ ತೆಗೆದು ಕುಳಿತುಕೋ. ಗಂಟೆ ಹೋದದ್ದು ತಿಳಿಯದಿದ್ದರೆ ಮಾವನಿಗೆ ಅದನ್ನೂ ಹೇಳು. ಅವರು ಒಪ್ಪದಿದ್ದರೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ.

ಹದಿನೈದು ದಿನ ಆದ ಮೇಲೆ ಬರೆ. ಈ ತಿಂಗಳು ನನಗೆ ರಾತ್ರಿ ಪಾಳಿ, ಉತ್ತರ ಒಂದು ದಿನ ತಡವಾಗಬಹುದು.