ಮಲ್ಪೆ ಬೀಚಿನಲ್ಲಿ ಸಿಕ್ಕಿದ ಚಿಪ್ಪುಗಳಲ್ಲಿ ದುಂಡಗಿನ ತೂತು ಯಾಕಿದೆ? ಯಾರಾದರೂ ಡ್ರಿಲ್ ಮಾಡಿರುತ್ತಾರಾ?

ಡ್ರಿಲ್ ಮಾಡಿದ್ದು ನಿಜ. ಮಾಡಿದ್ದು ಮನುಷ್ಯರಲ್ಲ ಅಷ್ಟೆ. ನೀವು ಹೆಕ್ಕಿದ ಆರೇಳು ಚಿಪ್ಪುಗಳಲ್ಲೂ ತೂತು ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ, ಎರಡು ಚಿಪ್ಪು ಕೂಡುವ ಮೂಲೆಯ ಹತ್ತಿರ ಅಂತ ಬರೆದಿದ್ದೀರಿ. ಅದೇ ದೊಡ್ಡ ಸುಳಿವು.

ನಾನು ಕುಂದಾಪುರದ ಕಡೆಯವಳು. ಚಿಕ್ಕಂದಿನಲ್ಲಿ ಇಂಥ ಚಿಪ್ಪುಗಳನ್ನೇ ಹುಡುಕಿ, ದಾರ ಪೋಣಿಸಿ ಸರ ಮಾಡುತ್ತಿದ್ದೆವು. ಸರಕ್ಕೆಂದೇ ಕಡಲು ತೂತು ಮಾಡಿ ಕೊಡುತ್ತದೆ ಅಂದುಕೊಂಡಿದ್ದೆ. ಒಂದೊಂದು ತೂತೂ ಒಂದೊಂದು ಬೇಟೆಯ ಗುರುತು ಅಂತ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಬೇಟೆಗಾರ ಒಂದು ಕಡಲ ಬಸವನಹುಳು. ಇಂಗ್ಲಿಷಿನಲ್ಲಿ ಮೂನ್ ಸ್ನೇಲ್ ಅನ್ನುತ್ತಾರೆ. ಚಿಪ್ಪು ಗೋಲಿಯ ಹಾಗೆ ದುಂಡಗೆ, ನುಣ್ಣಗೆ ಇರುತ್ತದೆ. ಅದು ಮರಳಿನೊಳಗೆ ನುಸುಳಿಕೊಂಡು ಓಡಾಡುವ ಪ್ರಾಣಿ. ಮುಳ್ಳು, ಉಬ್ಬು ಇದ್ದರೆ ಮರಳು ತಡೆಯುತ್ತದೆ, ಅಲ್ವಾ? ಮರಳೊಳಗೆ ಮರುವಾಯಿ, ಅಂದರೆ ಎರಡು ಚಿಪ್ಪಿನೊಳಗೆ ಬದುಕುವ ಮೆತ್ತನೆಯ ಜೀವಿ, ಸಿಕ್ಕಿದರೆ ತನ್ನ ಅಗಲವಾದ ಪಾದದಲ್ಲಿ ಅದನ್ನು ಸುತ್ತಿ ಹಿಡಿಯುತ್ತದೆ. ಮರುವಾಯಿ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆಗ ಕೊರೆಯುವ ಕೆಲಸ ಶುರು. ಮೊದಲು ಆಮ್ಲದಂಥ ರಸ ಸುರಿಸಿ ಚಿಪ್ಪಿನ ಸುಣ್ಣವನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಸಣ್ಣ ಹಲ್ಲುಗಳ ಸಾಲುಗಳಿರುವ ನಾಲಿಗೆಯಿಂದ ಅರದಲ್ಲಿ ಉಜ್ಜಿದ ಹಾಗೆ ಕೆರೆಯುತ್ತದೆ. ಮತ್ತೆ ರಸ, ಮತ್ತೆ ಕೆರೆತ. ಗಂಟೆಗಟ್ಟಲೆ, ಚಿಪ್ಪು ದಪ್ಪಗಿದ್ದರೆ ದಿನಗಟ್ಟಲೆ ಇದೇ ಕೆಲಸ. ತೂತು ಬಿದ್ದ ಮೇಲೆ ಕೊಳವೆಯಂಥ ಬಾಯಿ ತೂರಿಸಿ ಒಳಗಿನ ಮಾಂಸ ತಿಂದು ಹೋಗುತ್ತದೆ.

ನಿಮ್ಮ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ತೂತು ಹೊರಗೆ ಅಗಲ, ಒಳಗೆ ಕಿರಿದು, ಬಟ್ಟಲಿನ ಹಾಗಿದ್ದರೆ ಅದು ಬಹುಪಾಲು ಮೂನ್ ಸ್ನೇಲ್ ಕೆಲಸ. ಅಂಚು ನೇರವಾಗಿದ್ದರೆ ಮ್ಯೂರೆಕ್ಸ್ ಗುಂಪಿನ ಶಂಖದ ಹುಳು ಕೊರೆದಿರಬಹುದು. ಮೂನ್ ಸ್ನೇಲ್ ತನ್ನ ಜಾತಿಯವನ್ನೂ ಬಿಡುವುದಿಲ್ಲ. ಹಾಗಾಗಿ ಅದರ ಚಿಪ್ಪಿನಲ್ಲೂ ಇದೇ ತೂತು ಸಿಗುತ್ತದೆ.

ಇನ್ನು ಚಿಪ್ಪುಗಳ ಆಕಾರ ಯಾಕೆ ಇಷ್ಟು ಬೇರೆ ಬೇರೆ ಅಂತಲೂ ಕೇಳಿದ್ದೀರಿ. ಎಲ್ಲಿ ಬದುಕುತ್ತದೆ, ಯಾರಿಂದ ತಪ್ಪಿಸಿಕೊಳ್ಳಬೇಕು ಅನ್ನುವುದರ ಮೇಲೆ ತುಂಬಾ ನಿಂತಿದೆ. ಬಂಡೆಗೆ ಟೋಪಿಯ ಹಾಗೆ ಕಚ್ಚಿಕೊಂಡಿರುವ ಲಿಂಪೆಟ್ ಮೇಲೆ ಅಲೆ ಜಾರಿ ಹೋಗುತ್ತದೆ. ಕವಡೆ ಬದುಕಿದ್ದಾಗ ತನ್ನ ಮೈಚರ್ಮವನ್ನೇ ಚಿಪ್ಪಿನ ಮೇಲೆ ಹೊದ್ದುಕೊಳ್ಳುತ್ತದೆ. ಚೌಕಾಬಾರಕ್ಕೆ ಹಾಕುವ ಕವಡೆಗೆ ಆ ಹೊಳಪು ಬಂದಿದ್ದು ಅದರಿಂದಲೇ, ಯಾರೂ ಪಾಲಿಶ್ ಮಾಡಿದ್ದಲ್ಲ.

ಈ ವಿಷಯದಲ್ಲಿ ನನಗೆ ತುಂಬಾ ಗೌರವ ಇರುವುದು ಗೀರಟ್ ವರ್ಮೇ ಅವರ ಮೇಲೆ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಜ್ಞಾನಿ. 3ನೇ ವಯಸ್ಸಿನಲ್ಲೇ ಎರಡೂ ಕಣ್ಣು ಹೋದವು. ಚಿಪ್ಪುಗಳನ್ನು ಬೆರಳಲ್ಲಿ ಮುಟ್ಟಿಯೇ ಓದಿದರು. ಬಿಸಿ ಕಡಲಿನ ಚಿಪ್ಪುಗಳಲ್ಲಿ ದಪ್ಪ, ಮುಳ್ಳು, ಕಿರಿದಾದ ಬಾಯಿ ಜಾಸ್ತಿ ಅನ್ನುವುದು ಅವರ ಕೈಗೆ ಗೊತ್ತಾಯಿತು. ಅಲ್ಲಿನ ಏಡಿಗಳ ಚಿಪ್ಪು ಒಡೆಯುವ ಇಕ್ಕಳದಂಥ ಕೊಂಬು ಅಷ್ಟು ಬಲವಾಗಿರುವುದೇ ಕಾರಣ ಅಂತ ತೋರಿಸಿಕೊಟ್ಟರು. ಒಡೆಯುವವರ ಬಲ ಹೆಚ್ಚಿದಂತೆ ಚಿಪ್ಪೂ ಗಟ್ಟಿಯಾಗುತ್ತಾ ಬಂದಿದೆ.

ಮುಂದಿನ ಸಲ ಹೋದಾಗ ಎರಡು ವಿಷಯ ನೆನಪಿಡಿ. ಜೀವಂತ ಇರುವ, ಐಸ್‌ಕ್ರೀಮ್ ಕೋನ್ ಆಕಾರದ ಶಂಖವನ್ನು ಕೈಯಲ್ಲಿ ಎತ್ತಲೇಬೇಡಿ. ಕೋನ್ ಸ್ನೇಲ್ ವಿಷದ ಮೊನೆ ಚುಚ್ಚುತ್ತದೆ, ಕೆಲವು ಜಾತಿಯ ವಿಷಕ್ಕೆ ಮನುಷ್ಯರೂ ಸತ್ತಿದ್ದಾರೆ. ಮತ್ತೆ, ಖಾಲಿ ಶಂಖ ಅಂತ ಚೀಲಕ್ಕೆ ಹಾಕುವ ಮೊದಲು ಒಳಗೆ ಸನ್ಯಾಸಿ ಏಡಿ ಇದೆಯಾ ನೋಡಿ.

ಹುಡುಕುತ್ತಾ ಹೋದರೆ ಅರ್ಧ ಕೊರೆದು ಬಿಟ್ಟ ಗುಂಡಿ ಇರುವ ಚಿಪ್ಪೂ ಸಿಗುತ್ತದೆ. ಆವತ್ತು ಆ ಮರುವಾಯಿ ಹೇಗೋ ತಪ್ಪಿಸಿಕೊಂಡಿತ್ತು. ನನ್ನ ಹತ್ತಿರ ಅಂಥವು ಎರಡಿವೆ, ಸರಕ್ಕೆ ಪೋಣಿಸಲು ಬಾರದವು.