ಕ್ಯಾಮೆರಾ ಆಫ್ ಇಟ್ಟು ಪುಸ್ತಕ ಕೂಟ ನಡೆಸುತ್ತಿದ್ದವರು

ಇವರನ್ನು ಸುಮಾ ಅಂತ ಕರೆಯೋಣ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ನಲವತ್ತು ದಾಟಿದೆ. ಶಿರಸಿಯಿಂದ ಸ್ವಲ್ಪ ಒಳಗೆ ಅಡಿಕೆ ತೋಟದ ಮನೆ. ಧಾರವಾಡದಲ್ಲಿ ಎಂ.ಎ. ಓದಿದವರು.

ನಿದ್ದೆ ಬರ್ತಾ ಇಲ್ಲ ಅಂತ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದರು. ಕೇಳುತ್ತಾ ಹೋದರೆ, ತಿಂಗಳೆಲ್ಲ ಚೆನ್ನಾಗಿಯೇ ಮಲಗುತ್ತಾರೆ, ಎರಡನೇ ಭಾನುವಾರಕ್ಕೆ ಮುಂಚಿನ ಮೂರ್ನಾಲ್ಕು ರಾತ್ರಿ ಮಾತ್ರ ಕಣ್ಣು ಮುಚ್ಚುವುದಿಲ್ಲ. ಆ ಭಾನುವಾರ ಎಂತ ಇರ್ತದೆ ಅಂದೆ. "ಪುಸ್ತಕ ಕೂಟ ಮೇಡಂ" ಅಂದವರೇ ಅತ್ತುಬಿಟ್ಟರು.

2021ರ ಲಾಕ್‌ಡೌನ್‌ನಲ್ಲಿ ಶುರುವಾದ ಕೂಟ ಅದು. ಹಳೆಯ ಸಹಪಾಠಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಇವರೇ ಕೇಳಿದ್ದು, ತಿಂಗಳಿಗೊಂದು ಪುಸ್ತಕ ಓದಿ ಝೂಮ್‌ನಲ್ಲಿ ಮಾತಾಡೋಣವಾ ಅಂತ. ಗ್ರೂಪ್‌ನಲ್ಲಿ 38 ಜನ. ಮೊದಲ ತಿಂಗಳು ಇಪ್ಪತ್ತು ಜನ ಬಂದರು. ಈಗ ಏಳು. ಪುಸ್ತಕ ಆರಿಸುವುದು, ನೆನಪು ಮಾಡುವುದು, ಲಿಂಕ್ ಕಳಿಸುವುದು, ಬಾರದವರಿಗೆ ಫೋನ್ ಮಾಡಿ ಕರೆಯುವುದು, ಮೊದಲು ಮಾತಾಡುವುದು, ಯಾರೂ ಮಾತಾಡದಿದ್ದರೆ ಮತ್ತೆ ಮಾತಾಡುವುದು, ಎಲ್ಲ ಇವರೇ. ಇನ್ನೊಂದು ಕೆಲಸವನ್ನು ಸ್ವಲ್ಪ ಅಳುಕಿನಿಂದಲೇ ಹೇಳಿದರು. ದುಬೈ, ಪುಣೆಯಲ್ಲಿ ಇರುವವರಿಗೆ ಪುಸ್ತಕ ಸಿಗುವುದಿಲ್ಲ ಅಂತ ರಾತ್ರಿ ಕೂತು ಒಂದೊಂದೇ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸುತ್ತಿದ್ದರು. 200 ಪುಟ, 250 ಪುಟ.

ಎಲ್ಲಿ ಕೂತು ಮಾತಾಡ್ತೀರಿ ಅಂತ ಕೇಳಿದೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಒಂದು ಕಿಟಕಿಯ ಹತ್ತಿರ ಮಾತ್ರ. ಹಿಂದೆ ಅಡಿಕೆ ಚೀಲ ಸಾಲಾಗಿ ಒಟ್ಟಿದೆ. ಮೇಲೆ ಹಂಚು. ಸ್ಟೂಲಿನ ಮೇಲೆ ಡಬ್ಬ, ಡಬ್ಬಕ್ಕೆ ಒರಗಿಸಿದ ಮೊಬೈಲ್. ಆ ಚೀಲ ಕಾಣಬಾರದು ಅಂತ ಇಷ್ಟು ವರ್ಷವೂ ಕ್ಯಾಮೆರಾ ಆಫ್. "ಉಳಿದವರ ಹಿಂದೆಲ್ಲ ಪುಸ್ತಕದ ಕಪಾಟು ಕಾಣ್ತದೆ ಮೇಡಂ. ನಾನು ಓದಿದ್ದು ತೋಟಕ್ಕೆ ಗೊಬ್ಬರ ಆಯ್ತು ಅಂತ ಅವರಿಗೆ ಅನ್ನಿಸ್ತದೆ."

ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಹಾಗಂತ ಯಾರಾದರೂ ಹೇಳಿದ್ದಾರಾ ಅಂದರೆ, ಇಲ್ಲ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಮೊದಲ ಭೇಟಿಯಲ್ಲಿ, ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಬೇರೆ ಇದೆ, ಡಿಸೆಂಬರ್‌ನಲ್ಲಿ ಕೂಟಕ್ಕೆ ರಜೆ ಕೊಡಿ ಅಂದುಬಿಟ್ಟೆ. ಕೊಟ್ಟರು. ನಿದ್ದೆ ಬಂತು, ಆದರೆ ಮುಂದಿನ ಸಲ ಬಂದಾಗ ಮುಖ ಇನ್ನೂ ಸಪ್ಪೆ. ಮನೆಯವರು ಒಳ್ಳೆಯವರೇ, ಅತ್ತೆಗೂ ಸೊಸೆ ಓದುವುದು ಇಷ್ಟವೇ. ಆದರೂ ಓದಿದ್ದನ್ನು ಹಂಚಿಕೊಳ್ಳಲು ಇವರಿಗೆ ಇದ್ದ ಜಾಗ ಅದೊಂದೇ. ಭಾರ ಇಳಿಸುತ್ತೇನೆ ಅಂತ ನಾನು ಅದನ್ನೇ ತೆಗೆದಿದ್ದೆ. ಕಡಿಮೆ ಮಾಡಬೇಕಿದ್ದುದು ಕೂಟವನ್ನಲ್ಲ, ಅದರಲ್ಲಿ ಇವರೊಬ್ಬರೇ ಹೊತ್ತಿದ್ದ ಹೊರೆಯನ್ನು.

ಆಮೇಲೆ ಅಡಿಕೆ ಲೆಕ್ಕ ಬರೆಯುವ ಪುಸ್ತಕದಲ್ಲೇ ಹಿಂದಿನಿಂದ ಮೂರು ಖಾನೆ ಎಳೆಯಲು ಹೇಳಿದೆ. ಏನಾಯಿತು, ನನ್ನ ಮನಸ್ಸು ಏನಂತು, ಬೇರೆ ಎಂತ ಕಾರಣ ಇರಬಹುದು. ಮೂರನೇ ಖಾನೆ ಖಾಲಿ ಬಿಡುವಂತಿಲ್ಲ.

ಅವರು ಬರೆದ ಮೊದಲ ಸಂಗತಿ ನವೆಂಬರ್‌ನದ್ದು. ನ್ಯೂಜೆರ್ಸಿಯ ಗೆಳತಿ ಮೀಟಿಂಗ್ ಎಲ್ಲ ಮುಗಿದ ಮೇಲೆ, ಎಂಟೂವರೆಗೆ ಲಿಂಕ್ ಒತ್ತಿ, "ಮುಗಿದೇ ಹೋಯ್ತಾ?" ಅಂತ ಗ್ರೂಪ್‌ನಲ್ಲಿ ಹಾಕಿದ್ದಳು. ಎರಡನೇ ಖಾನೆಯಲ್ಲಿ "ನನ್ನ ಕೂಟ ಅಂದರೆ ಅವಳಿಗೆ ಅಷ್ಟೇ" ಅಂತ ಇತ್ತು. ಮೂರನೆಯದಕ್ಕೆ ಏನೂ ತೋಚಲಿಲ್ಲ. ಆಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕೂಟ ಶುರುವಾಗುವುದು ನಮ್ಮ ಸಂಜೆ 7:30ಕ್ಕೆ, ಅಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 10. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದೆ ಹಾಕುತ್ತಾರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಅವಳಿಗೆ ಮೀಟಿಂಗ್ 9ಕ್ಕೇ ಶುರುವಾಗಿತ್ತು. ಅವಳು ಎಂದಿನಂತೆ ಸರಿಯಾಗಿ 10ಕ್ಕೆ ಬಂದಿದ್ದಳು. ಕೇಳಿ ನೋಡಿ ಅಂದೆ, ಕೇಳಿದರು, ಅದೇ ಆಗಿತ್ತು. ಒಂದು ಗಡಿಯಾರದ ವಿಷಯವನ್ನು ಇವರು ಇಷ್ಟು ದಿನ ಮನಸ್ಸಿಗೆ ಹಚ್ಚಿಕೊಂಡಿದ್ದರು. ನನಗೆ ಸಂಕಟವಾಯಿತು.

ಎರಡನೆಯದು ಅಷ್ಟು ಸುಲಭದ್ದಲ್ಲ. ಈಗ ಪ್ರೊಫೆಸರ್ ಆಗಿರುವ ಸಹಪಾಠಿಯೊಬ್ಬರು ಇವರ ಮಾತಿನ ನಡುವೆ "ಅದು ಹಾಗಲ್ಲ" ಅಂತ ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದ್ದರು. ಝೂಮ್ ಉಚಿತವಾಗಿ ಸಿಗುವುದೇ 40 ನಿಮಿಷ. ಅರ್ಧ ಅಲ್ಲಿಗೇ ಹೋಯಿತು. ಇದಕ್ಕೆ ಬೇರೆ ಕಾರಣ ಹುಡುಕಿ ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳಲಿಲ್ಲ. ಬೇಜಾರಾಗುವಂಥದ್ದೇ ಆಗಿದೆ. ಅವರಿಗೆ ನೇರವಾಗಿ ಹೇಳಿ ಅಂದೆ, ಗ್ರೂಪ್‌ನಲ್ಲಿ ಬೇಡ, ಫೋನ್‌ನಲ್ಲಿ. ಏನು ಹೇಳುವುದು ಅಂತ ನನ್ನ ಎದುರೇ ಮೂರು ಸಲ ಹೇಳಿ ನೋಡಿಕೊಂಡರು: "ನನ್ನ ಮಾತು ಮುಗಿದ ಮೇಲೆ ನೀನು ಹೇಳು. ಒಬ್ಬೊಬ್ಬರಿಗೆ ಐದು ನಿಮಿಷ ಅಂತ ಇಟ್ಟುಕೊಳ್ಳೋಣ." ಒಂದೇ ಮೆಸ್ಸಿನಲ್ಲಿ ಜೋಳದ ರೊಟ್ಟಿ ತಿಂದವರು, ಇಷ್ಟು ಹೇಳಲಿಕ್ಕೆ ಆಗಬೇಕು ಅಲ್ವಾ?

ಉಳಿದ ಸಲಹೆ ಸಣ್ಣ ಸಣ್ಣವು. ಫೋನ್ ಮಾಡಿ ಕರೆಯುವುದು ಬೇಡ. ಗ್ರೂಪ್‌ನಲ್ಲಿ ಒಂದೇ ಸಲ ಹಾಕಿ, ಪಕ್ಕದಲ್ಲಿ ಅಮೆರಿಕದ, ದುಬೈನ ಸಮಯವನ್ನೂ ಬರೆಯಿರಿ. ಪುಸ್ತಕ ಆರಿಸಿದವರೇ ಆ ತಿಂಗಳು ನಡೆಸಲಿ, ಸರದಿಯ ಮೇಲೆ. ಓದದೆ ಬಂದವರೂ ಕೂತು ಕೇಳಲಿ. ಏಳು ಜನ ಕಡಿಮೆ ಅಂತ ಇವರಿಗೆ ಕೊರಗು, ಆದರೆ 40 ನಿಮಿಷದಲ್ಲಿ ಎಲ್ಲರೂ ಬಾಯಿ ಬಿಡಬೇಕು ಅಂದರೆ ಏಳೇ ಜಾಸ್ತಿ.

ಪಿಡಿಎಫ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳಿದೆ, ಇವತ್ತಿಗೇ ನಿಲ್ಲಿಸಿ ಅಂತ. ನಿದ್ದೆ ಕೆಡುವುದು ಒಂದು. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ಮನೆಯವರಿಗೋ ಪ್ರಕಾಶಕರಿಗೋ ಸೇರಿದ್ದು, ಇಡೀ ಪುಸ್ತಕದ ನಕಲು ಹಂಚುವುದು ತಪ್ಪು. ಇ-ಪುಸ್ತಕ ಸಿಗುವಂಥದ್ದನ್ನೇ ಆರಿಸಿ ಅಂದೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು ಅಂತ ನಂಬರೂ ಬರೆದುಕೊಟ್ಟೆ.

ಕ್ಯಾಮೆರಾ ಹಾಕಿ ಅಂತ ನಾನು ಹೇಳಲಿಲ್ಲ. ಅದು ಅವರಿಗೇ ಬಿಟ್ಟದ್ದು.

ಜನವರಿ ಕೂಟ ಪುಣೆಯವರು ನಡೆಸಿದರು. ಇವರು ಸುಮ್ನೆ ಕೂತು ಕೇಳಿದರು, ಎರಡೇ ಮಾತು ಆಡಿದರು. ಫೆಬ್ರವರಿಯಲ್ಲಿ ಕ್ಯಾಮೆರಾ ಹಾಕಿದರಂತೆ. ಐದು ನಿಮಿಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ದುಬೈನಲ್ಲಿರುವ ಯಲ್ಲಾಪುರದ ಹುಡುಗ, "ಹಿಂದೆ ಇರೋದು ಚಾಲಿ ಅಡಿಕೆಯಾ, ಕೆಂಪಡಿಕೆಯಾ?" ಅಂತ ಕೇಳಿದ. ಅಲ್ಲಿಂದ ಮಾತು ಅವನ ಅಪ್ಪ ಮಾರಿದ ತೋಟಕ್ಕೆ ಹೋಯಿತು, ಆ ತಿಂಗಳ ಕಾದಂಬರಿಯಲ್ಲೂ ಒಂದು ಜಮೀನು ಕೈಬಿಡುತ್ತದೆ, ಹಾಗೆ ಮತ್ತೆ ಪುಸ್ತಕಕ್ಕೇ ಬಂತು. ಮಾತು ಅರ್ಧದಲ್ಲಿರುವಾಗ 40 ನಿಮಿಷ ಮುಗಿದು ಲೈನ್ ಕಟ್ಟಾಯಿತು.

"ಮತ್ತೆ ಲಿಂಕ್ ಕಳಿಸಿದ್ರಾ?" ಅಂತ ಕೇಳಿದೆ.

"ನಾನು ಮೊಬೈಲ್ ತೆಗೆಯೋದ್ರೊಳಗೆ ಪ್ರೊಫೆಸರೇ ಕಳಿಸಿಯಾಗಿತ್ತು ಮೇಡಂ."