ಸಮಾಜಕಾರ್ಯ ಶಿಕ್ಷಣದಲ್ಲಿ ಕ್ಷೇತ್ರಕಾರ್ಯಕ್ಕೆ ಅಷ್ಟೊಂದು ಸಮಯ ಏಕೆ?

ತರಗತಿಯ ಪಾಠವಷ್ಟೇ ಏಕೆ ಸಾಲದು ಎಂದು ಕೇಳಿದ್ದೀರಿ. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಪರಿಷತ್ತು ಪದವಿ ಹಂತಕ್ಕೆ ಕನಿಷ್ಠ 400, ಸ್ನಾತಕೋತ್ತರ ಹಂತಕ್ಕೆ 900 ಗಂಟೆಗಳ ಕ್ಷೇತ್ರಕಾರ್ಯವನ್ನು, ಅಂದರೆ ಸಂಸ್ಥೆ ಅಥವಾ ಸಮುದಾಯದಲ್ಲಿ ಜನರೊಂದಿಗೆ ಮಾಡುವ ಪ್ರಾಯೋಗಿಕ ಕೆಲಸವನ್ನು, ನಿಗದಿಪಡಿಸಿರುವುದಕ್ಕೆ ಬಲವಾದ ಕಾರಣವಿದೆ: ಸಂದರ್ಶನದ ಸೂತ್ರಗಳನ್ನು ಪುಸ್ತಕದಿಂದ ಕಲಿಯಬಹುದು, ಆದರೆ ಎದುರಿಗಿರುವವರ ಮೌನವನ್ನು ತಾಳಿಕೊಳ್ಳುವುದನ್ನು ಹಾಗೆ ಕಲಿಯಲಾಗದು. ಮನೆಭೇಟಿಯಲ್ಲಿ ತಾಯಿಯೊಬ್ಬರು ಉತ್ತರಿಸದೆ ಬಾಗಿಲ ಕಡೆ ನೋಡಿದಾಗ ಹೊಸ ವಿದ್ಯಾರ್ಥಿ ಗಾಬರಿಯಿಂದ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾನೆ. ಮರುದಿನ ಮೇಲ್ವಿಚಾರಕರು ಅವನ ವರದಿಯಲ್ಲಿ ಆ ಸಾಲಿನ ಕೆಳಗೆ ಗೆರೆಯೆಳೆದು, ‘ಆಗ ನಿಮಗೇನನ್ನಿಸಿತು?’ ಎಂದು ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ತರಬೇತಿ ಆರಂಭವಾಗುವುದು ಅಲ್ಲಿಂದಲೇ. ಗೋಪ್ಯತೆಯ ತತ್ತ್ವವೂ ಅಷ್ಟೆ, ಮಗುವಿನ ಸುರಕ್ಷತೆಗಾಗಿ ಅದನ್ನು ಮುರಿಯಬೇಕಾದ ಸಂದರ್ಭ ಬಂದಾಗಲೇ ಅದರ ತೂಕ ಮನವರಿಕೆಯಾಗುತ್ತದೆ. ಆದ್ದರಿಂದ ನಿಯಮಿತ ಮೇಲ್ವಿಚಾರಣೆಯಿಲ್ಲದ ಕ್ಷೇತ್ರಕಾರ್ಯದ ನಿಯೋಜನೆಯನ್ನು, ಗಂಟೆಗಳು ಎಷ್ಟೇ ತುಂಬಿದ್ದರೂ, ತರಬೇತಿಯೆಂದು ನಾನು ಒಪ್ಪಲಾರೆ.